ಇನ್ನೊಂದು ಸುಗ್ಗಿ ಕಾಣ್ತದಾ ಈ ಕಂಪನಿ?

ನಮ್ಮ ಸಿಂಧನೂರು, ಮಸ್ಕಿ ಸೀಮೆಯ ಗೊಬ್ಬರದಂಗಡಿಯವರಷ್ಟು ಚುರುಕಾದ ಆಡಿಟರುಗಳನ್ನು ನಾನು ಇನ್ನೂ ನೋಡಿಲ್ಲ. ಮುಂಗಾರು ಶುರುವಾಯಿತೆಂದರೆ ರೈತ ಅಂಗಡಿ ಮುಂದೆ ಬಂದು ನಿಲ್ಲುತ್ತಾನೆ. ಇಷ್ಟು ಡಿಎಪಿ, ಇಷ್ಟು ಯೂರಿಯಾ, ಔಷಧಿ ಬೇರೆ. ದುಡ್ಡು ಮಾತ್ರ ಸುಗ್ಗಿಗೆ. ಅಂಗಡಿಯವನು ಗೋಣು ಆಡಿಸುತ್ತಲೇ ಒಳಗೊಳಗೆ ಲೆಕ್ಕ ಹಾಕುತ್ತಿರುತ್ತಾನೆ. ಇವನ ಹೊಲ ಕಾಲುವೆಯ ಮೇಲ್ಭಾಗದಲ್ಲಿದೆಯೋ ಕೊನೆಭಾಗದಲ್ಲಿದೆಯೋ, ಹೋದ ವರ್ಷದ ಬಾಕಿ ಚುಕ್ತಾ ಆಗಿದೆಯೋ, ಮನೆಯಲ್ಲಿ ಮದುವೆ ಗಿದುವೆ ಇದೆಯೋ, ಡ್ಯಾಮಿಗೆ ನೀರು ಎಷ್ಟು ಬಂದಿದೆ. ಎಲ್ಲ ಆದ ಮೇಲೆ ಎರಡರಲ್ಲಿ ಒಂದು ಮಾತು ಬರುತ್ತದೆ. ಒಂದು, "ಒಯ್ರಿ ಒಯ್ರಿ, ಬರಕೋತೀನಿ." ಇನ್ನೊಂದು, "ಈ ಸಲ ನಗದು ತಂದ್ರ ಛಲೋ ಆಗ್ತೈತಿ ನೋಡ್ರಿ."

ಆ ಎರಡನೇ ಮಾತು ಬಂತು ಅಂದರೆ ಊರಿಗೆಲ್ಲ ಗೊತ್ತಾಗುತ್ತದೆ, ಆ ಮನೆಯ ಪರಿಸ್ಥಿತಿ ಸರಿ ಇಲ್ಲ ಅಂತ.

ತಮಾಷೆ ಅಂದರೆ ಇದೇ ಮಾತು ದೇಶದ ಚಾರ್ಟರ್ಡ್ ಅಕೌಂಟೆಂಟ್ ಸಂಸ್ಥೆ ಆಡಿಟರುಗಳಿಗೆ ಹಾಕಿಕೊಟ್ಟಿರುವ ನಿಯಮದಲ್ಲೂ ಇದೆ. ಎಸ್‌ಎ 570 ಅಂತ ಅದರ ಹೆಸರು. ಒಂದು ಕಂಪನಿ ಮುಂದೆ ನಡೆಯುತ್ತದೋ ಇಲ್ಲವೋ ಎಂದು ನೋಡುವಾಗ ಯಾವ ಯಾವ ಲಕ್ಷಣ ಗಮನಿಸಬೇಕು ಎಂಬ ದೊಡ್ಡ ಪಟ್ಟಿ ಅದರಲ್ಲಿದೆ. ಅದರಲ್ಲಿ ಒಂದು: ಮಾಲು ಕೊಡುವವರು ಉದ್ರಿ ನಿಲ್ಲಿಸಿ ನಗದು ಕೇಳಲು ಶುರು ಮಾಡಿದ್ದಾರೆಯೇ? ನಾನು ಆಡಿಟ್ ಆಫೀಸಿನಲ್ಲಿ ಕೆಲಸ ಕಲಿಯುವಾಗ ಮೊದಲ ಬಾರಿ ಈ ಸಾಲು ಓದಿ ನಕ್ಕಿದ್ದೆ. ವಳಕಮದಿನ್ನಿಯಂಥ ಊರಿನಲ್ಲಿ ಬೆಳೆದವರಿಗೆ ಇದನ್ನು ಪುಸ್ತಕದಲ್ಲಿ ಓದಬೇಕಾ!

ಈ ವಿಷಯ ಈಗ ಯಾಕೆ ಅಂದರೆ, ಓದುಗರೊಬ್ಬರು ಬರೆದು ಕೇಳಿದ್ದಾರೆ. ಅವರ ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಕಂಪನಿ ಮೂರು ತಿಂಗಳು ಸಂಬಳ ಕೊಡದೆ ಬಾಗಿಲು ಹಾಕಿದೆ. "ವರ್ಷಾ ವರ್ಷಾ ಆಡಿಟ್ ಆಗಿರುತ್ತದಲ್ಲ, ಆಡಿಟರಿಗೆ ಮೊದಲೇ ಗೊತ್ತಿರಲಿಲ್ಲವಾ? ಗೊತ್ತಿದ್ದರೆ ಯಾಕೆ ಹೇಳಲಿಲ್ಲ?" ಎಂದು ಅವರ ಪ್ರಶ್ನೆ. ಸಿಟ್ಟಿನ ಪ್ರಶ್ನೆ, ಆದರೆ ಸರಿಯಾದ ಪ್ರಶ್ನೆ.

ಮೊದಲು ಒಂದು ಮಾತು ತಿಳಿದುಕೊಳ್ಳೋಣ. ಕಂಪನಿಯ ಲೆಕ್ಕಪತ್ರ ಬರೆಯುವಾಗಲೇ ಒಂದು ನಂಬಿಕೆ ಇಟ್ಟುಕೊಂಡು ಬರೆಯುತ್ತಾರೆ: ಈ ಕಂಪನಿ ನಾಳೆಯೂ ಬಾಗಿಲು ತೆರೆಯುತ್ತದೆ ಅಂತ. ಇದಕ್ಕೆ ಗೋಯಿಂಗ್ ಕನ್ಸರ್ನ್ ಎನ್ನುತ್ತಾರೆ, ನಡೆಯುತ್ತಿರುವ ಸಂಸ್ಥೆ ಅಂದಹಾಗೆ. ಈ ನಂಬಿಕೆ ಇದ್ದರೆ ಲೆಕ್ಕ ಒಂದು ಥರ, ಇಲ್ಲದಿದ್ದರೆ ಇನ್ನೊಂದು ಥರ. ಅಕ್ಕಿ ಗಿರಣಿಯನ್ನೇ ನೋಡಿ. ಭತ್ತ ಬರುತ್ತಿದೆ, ಬಾಯ್ಲರ್ ಉರಿಯುತ್ತಿದೆ, ಲಾರಿ ತುಂಬುತ್ತಿದೆ ಅಂದರೆ ಅಲ್ಲಿನ ಮಷಿನುಗಳಿಗೆ ಕೋಟಿಗಳಲ್ಲಿ ಬೆಲೆ. ಅದೇ ಗಿರಣಿ ಮುಚ್ಚಿ ಹರಾಜಿಗೆ ನಿಂತರೆ? ಅವೇ ಮಷಿನುಗಳನ್ನು ಗುಜರಿಯವರು ಕಿಲೋ ಲೆಕ್ಕದಲ್ಲಿ ಕೇಳುತ್ತಾರೆ. ಮಷಿನು ಅದೇ, ಬೋಲ್ಟು ಅದೇ. ಹಾಗಾಗಿ ಆಡಿಟರು ಉಳಿದ ಎಲ್ಲ ಅಂಕಿಗಳಿಗೆ ಸಹಿ ಹಾಕುವ ಮೊದಲು ಈ ಒಂದು ನಂಬಿಕೆ ಸರಿಯೇ ಎಂದು ನೋಡಲೇಬೇಕು. ಅದು ಸುಳ್ಳಾದರೆ ಉಳಿದದ್ದೆಲ್ಲ ಸುಳ್ಳು.

ಎಷ್ಟು ದೂರ ನೋಡಬೇಕು? ಲೆಕ್ಕ ಮುಗಿದ ದಿನದಿಂದ ಕಡಿಮೆ ಅಂದರೆ ಹನ್ನೆರಡು ತಿಂಗಳು. ಮಾರ್ಚ್ 31ಕ್ಕೆ ಲೆಕ್ಕ ಮುಗಿದರೆ ಮುಂದಿನ ಮಾರ್ಚ್‌ವರೆಗೆ. ನಮ್ಮ ಭಾಷೆಯಲ್ಲಿ ಇನ್ನೊಂದು ಸುಗ್ಗಿ.

ನಾನು ಹತ್ತಿರದಿಂದ ಕಂಡ ಒಂದು ಪ್ರಸಂಗ ಹೇಳುತ್ತೇನೆ. ಯಾವ ಗಿರಣಿ, ಯಾವ ಊರು ಅಂತ ಕೇಳಬೇಡಿ. ಆಡಿಟ್ ಕೆಲಸದಲ್ಲಿ ಗುಟ್ಟು ಕಾಯುವುದು ಮೊದಲ ಧರ್ಮ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಅಣ್ಣ ತಮ್ಮಂದಿರು ಸೇರಿ ನಡೆಸುವ ಪ್ರೈವೇಟ್ ಲಿಮಿಟೆಡ್ ಗಿರಣಿ. ಹಮಾಲರು, ಆಪರೇಟರುಗಳು, ಲೆಕ್ಕದವರು ಸೇರಿ ನಲವತ್ತಕ್ಕೂ ಹೆಚ್ಚು ಜನ. 2023 ಹೇಗಿತ್ತು ಅಂತ ನಿಮಗೆ ನೆನಪಿರಬೇಕು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ ವರ್ಷ. ಭತ್ತವೇ ಇಲ್ಲದೆ ಗಿರಣಿ ತಿಂಗಳುಗಟ್ಟಲೆ ಅರ್ಧ ಪಾಳಿಯಲ್ಲಿ ನಡೆದಿತ್ತು. ನಷ್ಟ. ಬ್ಯಾಂಕಿನ ಲಿಮಿಟ್ ತುದಿ ಮುಟ್ಟಿತ್ತು. ರೈತರಿಗೆ ಕೊಡಬೇಕಾದ ಬಾಕಿ ಬೆಳೆದಿತ್ತು.

ಆ ಲೆಕ್ಕ ನಾವು ನೋಡುತ್ತಿದ್ದದ್ದು 2024ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ. ಆಗಸ್ಟ್ 10ರ ರಾತ್ರಿ ಏನಾಯಿತು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ್ದ ಡ್ಯಾಮಿನ ನೀರು ಕಣ್ಣೆದುರಿಗೇ ಹೊಳೆಗೆ ಹೋಗುತ್ತಿತ್ತು. ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಈ ವರ್ಷವೂ ಹೋಯಿತು ಅಂತ.

ಈಗ ಯೋಚಿಸಿ. ಗಿರಣಿಯ ಲೆಕ್ಕ ಮಾರ್ಚ್ 31ಕ್ಕೆ ಮುಗಿದಿದೆ. ಗೇಟು ಹೋದದ್ದು ಆಗಸ್ಟ್‌ನಲ್ಲಿ. ಆ ಲೆಕ್ಕಕ್ಕೂ ಗೇಟಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ಇದೆ. ಆಡಿಟರು ಸಹಿ ಹಾಕುವ ದಿನದವರೆಗೆ ಏನೇನು ನಡೆಯಿತೋ ಎಲ್ಲವನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಕಾಲುವೆಗೆ ನೀರಿಲ್ಲ ಅಂದರೆ ಭತ್ತವಿಲ್ಲ, ಭತ್ತವಿಲ್ಲ ಅಂದರೆ ಗಿರಣಿಯಿಲ್ಲ. ನಮ್ಮ ಹಿರಿಯರು, ಅಂದರೆ ಸಹಿ ಹಾಕಬೇಕಾದ ಆಡಿಟರು, ಒಂದು ವಾರ ಫೈಲು ಮುಚ್ಚಿಟ್ಟೇ ಕೂತರು. ಪತ್ರಿಕೆಯಲ್ಲಿ ಡ್ಯಾಮಿನ ಮಟ್ಟ ನೋಡುವುದೇ ಆಗ ನನ್ನ ಕೆಲಸ. ಒಂದು ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿದರು, ಆಮೇಲಿನ ಮಳೆಗೆ ಡ್ಯಾಮು ಮತ್ತೆ ತುಂಬಿತು. ಒಂದು ಲಕ್ಷಣ ಸರಿಹೋಯಿತು. ಉಳಿದವು?

ದೊಡ್ಡ ಅಣ್ಣ ಆಫೀಸಿಗೆ ಬಂದ. ಅವನಿಗೆ ಭಯ ಇದ್ದದ್ದು ವರದಿಯಲ್ಲಿ ಬರಬಹುದಾದ ಒಂದು ಪ್ಯಾರಾದ ಬಗ್ಗೆ. "ಸಾರ್, ಅದೊಂದು ಬರೀಬ್ಯಾಡ್ರಿ. ಬ್ಯಾಂಕಿನ್ಯಾಗ ಓದಿದ್ರು ಅಂದ್ರ ಲಿಮಿಟ್ ಕಟ್ ಮಾಡ್ತಾರ. ಲಿಮಿಟ್ ಕಟ್ ಆತು ಅಂದ್ರ ನೀವು ಬರದದ್ದು ಖರೇ ಆಗ್ತೈತಿ. ನೀವಾ ಮುಚ್ಚಿಸಿದಂಗ ಆತಲ್ರಿ!"

ಇದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಇಡೀ ವಿಷಯದ ಗಂಟು ಇರುವುದೇ ಇಲ್ಲಿ. ಮಳೆ ಬರುತ್ತದೆ ಎಂದು ಹವಾಮಾನದವರು ಹೇಳಿದರೆ ಮೋಡಕ್ಕೆ ಅದು ಕೇಳಿಸುವುದಿಲ್ಲ. ಆದರೆ ಈ ಕಂಪನಿ ಕಷ್ಟದಲ್ಲಿದೆ ಎಂದು ಆಡಿಟರು ಬರೆದರೆ ಬ್ಯಾಂಕಿಗೆ ಕೇಳಿಸುತ್ತದೆ, ಮಾಲು ಕೊಡುವವನಿಗೆ ಕೇಳಿಸುತ್ತದೆ, ಒಳ್ಳೆ ಕೆಲಸಗಾರನಿಗೂ ಕೇಳಿಸುತ್ತದೆ. ಎಲ್ಲರೂ ಒಂದೊಂದು ಹೆಜ್ಜೆ ಹಿಂದಿಟ್ಟರೆ ಕಂಪನಿ ನಿಜವಾಗಿಯೂ ಬೀಳುತ್ತದೆ. ಬರೆಯದೇ ಬಿಟ್ಟರೆ? ಅದೇ ಗಿರಣಿಗೆ ನಂಬಿ ಭತ್ತ ಹಾಕುವ ರೈತ ಬೀಳುತ್ತಾನೆ. ಅವನಿಗೆ ಮಾತ್ರ ಯಾರೂ ಮೊದಲೇ ಹೇಳಿರುವುದಿಲ್ಲ.

ನಮ್ಮ ಹಿರಿಯರು ವಾದ ಮಾಡಲಿಲ್ಲ. "ಸರಿ, ಮುಂದಿನ ಮಾರ್ಚ್‌ವರೆಗೆ ಹೆಂಗ ನಡೆಸ್ತೀರಿ, ತಿಂಗಳು ತಿಂಗಳು ಬರೆದು ಕೊಡ್ರಿ" ಅಂದರು. ಯಾವ ತಿಂಗಳು ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ. ಬರೆದು ತಂದರು. ಫೆಬ್ರುವರಿ ಹೊತ್ತಿಗೆ ದೊಡ್ಡ ಗುಂಡಿ ಬೀಳುವುದು ಕಾಗದದಲ್ಲೇ ಕಾಣುತ್ತಿತ್ತು. ಅದನ್ನು ಹೇಗೆ ತುಂಬುತ್ತೀರಿ ಅಂದರೆ, "ತಮ್ಮ ರೊಕ್ಕ ಹಾಕ್ತಾನ" ಎಂಬ ಉತ್ತರ. ಹಾಗಾದರೆ ತಮ್ಮನಿಂದ ಬರವಣಿಗೆಯಲ್ಲಿ ಕೊಡಿಸಿ. ಕೊಡಿಸಿದರು. ಅಷ್ಟಕ್ಕೇ ಮುಗಿಯಲಿಲ್ಲ, ಅಷ್ಟು ರೊಕ್ಕ ತಮ್ಮನ ಹತ್ತಿರ ಇದೆಯಾ? ಪಾಸ್‌ಬುಕ್ಕು, ಪ್ಲಾಟಿನ ಕಾಗದ ತೋರಿಸಿ. ಇದು ನಮ್ಮ ಹಿರಿಯರ ಹಟ ಅಂತ ಆಗ ಅನಿಸಿತ್ತು. ಅಲ್ಲ, ನಿಯಮವೇ ಹಾಗಿದೆ. ಕಂಪನಿಯವರು ಹೇಳುವ ಯೋಜನೆ ಸಾಧ್ಯವಾಗುವಂಥದ್ದೇ, ಬೆಂಬಲ ಕೊಡುತ್ತೇನೆ ಅಂದವನಿಗೆ ಕೊಡುವ ಶಕ್ತಿ ಇದೆಯೇ ಎಂದು ಆಡಿಟರು ಪರಿಶೀಲಿಸಬೇಕು. ಬಾಯಿಮಾತಿಗೆ ಬೆಲೆ ಇಲ್ಲ.

ಕೊನೆಗೆ ಆ ಪ್ಯಾರಾ ಬರೆದರು. ಕಂಪನಿ ಮುಚ್ಚುತ್ತದೆ ಎಂದಲ್ಲ. ಇಷ್ಟು ನಷ್ಟವಾಗಿದೆ, ಇಷ್ಟು ಸಾಲವಿದೆ, ನಿರ್ದೇಶಕರು ಹಣ ತರುವುದಾಗಿ ಹೇಳಿದ್ದಾರೆ, ಅದು ಬರದಿದ್ದರೆ ಮುಂದುವರಿಯುವುದು ಅನುಮಾನ ಎಂಬ ಅರ್ಥದ ನಾಲ್ಕು ಸಾಲು. ಬ್ಯಾಂಕಿನವರು ಕರೆಸಿ ಕೇಳಿದರು, ಲಿಮಿಟ್ ಕತ್ತರಿಸಲಿಲ್ಲ, ತಮ್ಮನ ಪ್ಲಾಟನ್ನು ಜಾಮೀನಿಗೆ ಸೇರಿಸಿಕೊಂಡರು. ಗಿರಣಿ ಇವತ್ತಿಗೂ ನಡೆಯುತ್ತಿದೆ. ದೊಡ್ಡ ಅಣ್ಣ ನಮ್ಮನ್ನು ಎದುರಿಗೆ ಕಂಡರೆ ಇನ್ನೂ ಮುಖ ತಿರುಗಿಸುತ್ತಾನೆ, ಅದು ಬೇರೆ ಮಾತು.

ಹೀಗೆ ಬರೆದದ್ದನ್ನು ಓದಬೇಕಾದವರು ಓದದೇ ಹೋದ ದೊಡ್ಡ ಉದಾಹರಣೆ ನಮ್ಮ ಬೆಂಗಳೂರಿನದೇ ಇದೆ: ಕಿಂಗ್‌ಫಿಷರ್ ಏರ್‌ಲೈನ್ಸ್. 2005ರ ಮೇ ತಿಂಗಳಲ್ಲಿ ಹಾರಲು ಶುರು ಮಾಡಿದ ಈ ಕಂಪನಿ ಒಂದು ವರ್ಷವೂ ಲಾಭ ಕಾಣಲಿಲ್ಲ. 2010–11ರಲ್ಲಿ ನಷ್ಟ ಸಾವಿರ ಕೋಟಿ ದಾಟಿತ್ತು. ಆ ವರ್ಷದ ವರದಿಯಲ್ಲೇ ಆಡಿಟರುಗಳು ಷೇರುದಾರರ ಗಮನ ಸೆಳೆದಿದ್ದರು: ಕಂಪನಿಯ ಸ್ವಂತ ಬಂಡವಾಳವೆಲ್ಲ ಕರಗಿಹೋಗಿದೆ, ನಡೆಯುವ ಸಂಸ್ಥೆ ಎಂದು ಲೆಕ್ಕ ಬರೆದಿರುವುದು ಸರಿಯಾಗಬೇಕಾದರೆ ಹೊಸ ಹಣ ಬರಬೇಕು, ಸಾಲದ ಕಂತು ಮುಂದಕ್ಕೆ ಹೋಗಬೇಕು. ಅದು 2011. ಆಮೇಲೂ ಜನ ಟಿಕೆಟ್ ಕೊಂಡರು, ಷೇರು ಕೊಂಡರು. ಕೆಂಪು ಸಮವಸ್ತ್ರದ ಹುಡುಗಿಯರ ಜಾಹೀರಾತು ನೋಡಿದವರೆಷ್ಟು, ಆ ನಾಲ್ಕು ಸಾಲು ಓದಿದವರೆಷ್ಟು!

ಲಕ್ಷಣಗಳು ಒಂದೊಂದೇ ಹೊರಗೆ ಕಂಡವು. ತೈಲ ಕಂಪನಿಗಳು ಉದ್ರಿ ನಿಲ್ಲಿಸಿ ನಗದು ಕೊಟ್ಟರಷ್ಟೇ ಇಂಧನ ಅಂದವು. ನೋಡಿ, ಅದೇ ಗೊಬ್ಬರದಂಗಡಿ ಮಾತು. 2011–12ರಲ್ಲಿ ನಷ್ಟ ಎರಡು ಸಾವಿರದ ಮುನ್ನೂರು ಕೋಟಿ ದಾಟಿತು. ಸಂಬಳ ತಿಂಗಳುಗಟ್ಟಲೆ ನಿಂತಿತು. 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನೆಲಕ್ಕಿಳಿದವು, ಅದೇ ತಿಂಗಳು ಲೈಸೆನ್ಸ್ ಅಮಾನತಾಯಿತು. 2016ರಲ್ಲಿ ಕರ್ನಾಟಕ ಹೈಕೋರ್ಟ್ ಕಂಪನಿಯನ್ನು ಮುಚ್ಚಲು ಆದೇಶ ಮಾಡಿತು. ಆಡಿಟರು ಹೇಳಲಿಲ್ಲ ಎನ್ನುವ ಹಾಗಿಲ್ಲ. ಹೇಳಿದ್ದರು, ಸಣ್ಣ ಅಕ್ಷರದಲ್ಲಿ, ದೊಡ್ಡ ವರದಿಯ ಮಧ್ಯದಲ್ಲಿ.

ಆ ಸಣ್ಣ ಅಕ್ಷರದ ಬಗ್ಗೆ ಆಮೇಲೆ ಏನೋ ಒಂದಿಷ್ಟು ಆಯಿತು. 2017ರ ಏಪ್ರಿಲ್ 1ರಿಂದ ಶುರುವಾದ ಲೆಕ್ಕವರ್ಷಗಳಿಗೆ ಹೊಸ ನಿಯಮ ಬಂತು. ಇಂಥ ಗಂಭೀರ ಅನುಮಾನ ಇದ್ದರೆ ಆಡಿಟ್ ವರದಿಯಲ್ಲಿ ಅದಕ್ಕೇ ಬೇರೆ ತಲೆಬರಹ ಕೊಟ್ಟು ಬರೆಯಬೇಕು, ಉಳಿದ ಮಾತಿನ ಜತೆ ಬೆರೆಸುವ ಹಾಗಿಲ್ಲ. 2021–22ರಿಂದ ಇನ್ನೊಂದು ಸೇರಿತು. ತೀರಾ ಸಣ್ಣ ಕಂಪನಿಗಳನ್ನು ಬಿಟ್ಟು ಉಳಿದವುಗಳ ಆಡಿಟರು, ಮುಂದಿನ ಒಂದು ವರ್ಷದಲ್ಲಿ ಕೊಡಬೇಕಾದ ಸಾಲಗಳನ್ನು ಕಂಪನಿ ತೀರಿಸಬಲ್ಲುದೇ ಎಂಬ ಬಗ್ಗೆ ಅಭಿಪ್ರಾಯ ಹೇಳಲೇಬೇಕು. ಲಾಭ ಬರುತ್ತಿದ್ದರೂ ಹೇಳಬೇಕು. ಇದು ನನಗೆ ಬಹಳ ಒಳ್ಳೆಯದು ಅನಿಸುತ್ತದೆ. ಯಾಕೆಂದರೆ ಕಂಪನಿಗಳು ಸಾಯುವುದು ನಷ್ಟದಿಂದಲೇ ಅಲ್ಲ, ಕೈಯಲ್ಲಿ ರೊಕ್ಕ ಇಲ್ಲದೇ ಸಾಯುತ್ತವೆ. ನೂರು ಚೀಲ ಭತ್ತ ಮನೆಯಲ್ಲಿದ್ದೂ ಆಸ್ಪತ್ರೆಗೆ ಕಟ್ಟಲು ಐದು ಸಾವಿರ ಇಲ್ಲದ ದಿನ ನಮ್ಮಲ್ಲಿ ಯಾರಿಗೆ ಬಂದಿಲ್ಲ?

ಸ್ವಂತ ಬಂಡವಾಳ ಪೂರ್ತಿ ಕರಗಿದ್ದೂ ವರ್ಷಗಟ್ಟಲೆ ನಡೆದ ಕಂಪನಿಗಳೂ ಇವೆ. ಕೋಲಾರದ ಚಿನ್ನದ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಹಾಗೆ. 1992ರಲ್ಲೇ ಅದು ರೋಗಗ್ರಸ್ತ ಕಂಪನಿಗಳ ಮಂಡಳಿಯ ಮುಂದೆ ಹೋಗಿತ್ತು. ಆದರೆ ಹಿಂದೆ ಕೇಂದ್ರ ಸರ್ಕಾರ ನಿಂತಿತ್ತು, ಹಣ ಬರುತ್ತಿತ್ತು, ನಡೆಯುತ್ತಿತ್ತು. ಸರ್ಕಾರ ಕೈಬಿಟ್ಟ ಮೇಲೆ 2001ರ ಫೆಬ್ರುವರಿ 28ಕ್ಕೆ ಬಾಗಿಲು ಹಾಕಿತು. ಗಿರಣಿಯ ತಮ್ಮನ ಜಾಗದಲ್ಲಿ ಇಲ್ಲಿ ಸರ್ಕಾರ, ಅಷ್ಟೇ ವ್ಯತ್ಯಾಸ. ಇತ್ತ ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿ ನೋಡಿ. 1920ರಲ್ಲಿ ಹಣವಿಲ್ಲದೆ ಮುಚ್ಚಿದ್ದು, 1947ರಲ್ಲಿ ಹೊಸ ಕಂಪನಿಯಾಗಿ ಶುರುವಾಗಿ ಇವತ್ತಿಗೂ ಚಿನ್ನ ತೆಗೆಯುತ್ತಿದೆ. 1920ರಲ್ಲಿ ಯಾರಾದರೂ ಆಡಿಟರು ಹಟ್ಟಿಯ ಬಗ್ಗೆ ಅನುಮಾನ ಬರೆದಿದ್ದರೆ ಅವರು ಬರೆದದ್ದು ಸರಿಯೇ ಆಗಿರುತ್ತಿತ್ತು. ನೆಲದೊಳಗೆ ಚಿನ್ನ ಇದೆ ಎಂಬುದೂ ಸರಿಯೇ ಆಗಿತ್ತು.

ಅನುಮಾನ ಬರೆಸಿಕೊಂಡೂ ಬದುಕಿದ್ದು ಕಾಫಿ ಡೇ. 2019ರ ಜುಲೈನಲ್ಲಿ ಸಿದ್ಧಾರ್ಥ ಅವರು ನೇತ್ರಾವತಿಯಲ್ಲಿ ಪ್ರಾಣ ಕಳೆದುಕೊಂಡಾಗ ಕಂಪನಿಯ ಮೇಲೆ ಸಾವಿರಾರು ಕೋಟಿ ಸಾಲ. ಮುಖ್ಯ ವ್ಯಕ್ತಿ ಹೋಗಿ ಆ ಜಾಗ ತುಂಬುವವರಿಲ್ಲ ಎನ್ನುವುದೂ ಎಸ್‌ಎ 570ರ ಪಟ್ಟಿಯಲ್ಲಿರುವ ಲಕ್ಷಣವೇ. 2020ರ ಕೊನೆಗೆ ಅವರ ಪತ್ನಿ ಮಾಳವಿಕಾ ಹೆಗ್ಡೆ ಸಿಇಒ ಆದರು. ಬೆಂಗಳೂರಿನ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್ ಮಾರಿದರು, ಸಾಲ ಎರಡು ಸಾವಿರ ಕೋಟಿಗಿಂತ ಕೆಳಗೆ ಬಂತು. ಅಂದರೆ ಎಲ್ಲ ಸುಖಾಂತ ಅಂತಲ್ಲ. 2024ರ ಆಗಸ್ಟ್‌ನಲ್ಲಿ ಮಾತೃ ಕಂಪನಿಯನ್ನು ದಿವಾಳಿ ಪ್ರಕ್ರಿಯೆಗೆ ಸೇರಿಸಿದ್ದರು, 2025ರ ಫೆಬ್ರುವರಿಯಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ಆದೇಶ ರದ್ದು ಮಾಡಿತು. ಕಾಫಿ ಮಾತ್ರ ಬಿಸಿಯಾಗಿ ಸಿಗುತ್ತಿದೆ.

ಇನ್ನು ಆಡಿಟರು ಏನೂ ಬರೆಯದೆ ಎದ್ದು ಹೋಗುವುದೂ ಉಂಟು. ಬೆಂಗಳೂರಿನ ಬೈಜೂಸ್ ಕಂಪನಿಯ ಆಡಿಟರು 2023ರ ಜೂನ್‌ನಲ್ಲಿ, ಲೆಕ್ಕಪತ್ರ ಬಹಳ ತಡವಾಗಿದೆ, ನೋಡಬೇಕಾದ ದಾಖಲೆಗಳೇ ಬಂದಿಲ್ಲ ಎಂದು ರಾಜೀನಾಮೆ ಕೊಟ್ಟರು. ಮುಂದಿನ ವರ್ಷ ಜುಲೈಗೆ ಆ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ವರದಿ ಇಲ್ಲದಿರುವುದೂ ಒಂದು ವರದಿಯೇ ಎಂದು ಓದಿಕೊಳ್ಳಬೇಕು. ಲೆಕ್ಕ ತಡ, ಆಡಿಟರು ಅವಧಿಗೆ ಮುಂಚೆ ಬದಲು. ಇವೆರಡು ಕಂಡರೆ ನಾನಂತೂ ಮಗಳನ್ನು ಆ ಕಂಪನಿಗೆ ಕಳಿಸುವ ಮುಂಚೆ ಎರಡು ಸಲ ಯೋಚಿಸುತ್ತೇನೆ.

ಆ ಓದುಗರ ಪ್ರಶ್ನೆಗೆ ಈಗ ನೇರವಾಗಿ. ಆಡಿಟರಿಗೆ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ, ಆದರೆ ಆ ವರದಿ ಏನು ಹೇಳುತ್ತಿತ್ತು ಎಂದು ನೀವೇ ನೋಡಬಹುದು. ಷೇರುಪೇಟೆಯಲ್ಲಿರುವ ಕಂಪನಿಯಾದರೆ ವಾರ್ಷಿಕ ವರದಿ ಬಿಟ್ಟಿ ಸಿಗುತ್ತದೆ. ಪ್ರೈವೇಟ್ ಕಂಪನಿಯಾದರೆ ಕೇಂದ್ರದ ಕಂಪನಿ ವ್ಯವಹಾರಗಳ ಇಲಾಖೆಯ ಪೋರ್ಟಲಿನಲ್ಲಿ ನೂರು ರೂಪಾಯಿ ಕಟ್ಟಿ ದಾಖಲೆಗಳನ್ನು ನೋಡಬಹುದು. ಆಡಿಟ್ ವರದಿಯ ಮೊದಲ ಎರಡು ಮೂರು ಪುಟದೊಳಗೆ ಗೋಯಿಂಗ್ ಕನ್ಸರ್ನ್ ಎಂಬ ತಲೆಬರಹ ಇದೆಯಾ ನೋಡಿ. ನಿರ್ದೇಶಕರ ಜವಾಬ್ದಾರಿ, ಆಡಿಟರ ಜವಾಬ್ದಾರಿ ಎಂಬ ಭಾಗಗಳಲ್ಲಿ ಆ ಪದ ಎಲ್ಲ ಕಂಪನಿಗಳ ವರದಿಯಲ್ಲೂ ಬರುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಅದಕ್ಕೇ ಬೇರೆ ತಲೆಬರಹ ಇದ್ದರೆ ಮಾತ್ರ ನಿಂತು ಓದಿ, ಅಲ್ಲಿ ಯಾವ ಟಿಪ್ಪಣಿಯ ಸಂಖ್ಯೆ ಹೇಳಿದ್ದಾರೋ ಆ ಟಿಪ್ಪಣಿಗೆ ಹೋಗಿ. ಹಣ ತರುವವರು ಯಾರು ಎಂದು ಅಲ್ಲಿ ಬರೆದಿರುತ್ತದೆ. ಆಮೇಲೆ ನಗದು ಹರಿವಿನ ಪಟ್ಟಿಯ ಮೊದಲ ಭಾಗ. ವ್ಯವಹಾರದಿಂದ ಬಂದ ಹಣ ಎರಡು ಮೂರು ವರ್ಷ ಸತತ ಮೈನಸ್ಸಿನಲ್ಲಿದ್ದರೆ ಸಾಲದ ಮೇಲೆ ಬದುಕು ನಡೆದಿದೆ ಅಂತ ಅರ್ಥ. ಇನ್ನು ನಿಂತ ಸಂಬಳದ ವಿಷಯ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿದ್ದರೆ ಮಗ ಬಾಕಿ ಸಂಬಳಕ್ಕಾಗಿ ಅರ್ಜಿ ಹಾಕಬಹುದು, ಅದಕ್ಕೆ ಗಡುವು ಇರುತ್ತದೆ, ತಡ ಮಾಡಬೇಡಿ.

ಇನ್ನೂ ಒಂದು ಪ್ರಶ್ನೆ ಹಿಂದೆಯೇ ಬರುತ್ತದೆ ಅಂತ ಗೊತ್ತು: ನಮ್ಮೂರ ಪತ್ತಿನ ಸಹಕಾರಿ ಸಂಘದಲ್ಲಿ ಇಟ್ಟ ಠೇವಣಿ? ಅಲ್ಲಿಗೂ ಪ್ರತಿವರ್ಷ ಆಡಿಟ್ ಉಂಟು, ಆ ವರದಿ ವಾರ್ಷಿಕ ಸಭೆಯ ಮುಂದೆ ಬರುತ್ತದೆ. ಆದರೆ ಒಂದು ನೆನಪಿರಲಿ. ಬ್ಯಾಂಕಿನ ಠೇವಣಿಗೆ ಐದು ಲಕ್ಷದವರೆಗೆ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಬ್ಯಾಂಕ್ ಅಲ್ಲದ ಪತ್ತಿನ ಸಂಘಕ್ಕೆ, ಸೌಹಾರ್ದಕ್ಕೆ ಆ ವಿಮೆ ಇಲ್ಲ. ಸೆಪ್ಟೆಂಬರ್‌ನಲ್ಲಿ ಸಭೆಯ ನೋಟಿಸ್ ಬಂದರೆ ಊಟದ ಹೊತ್ತಿಗೆ ಹೋಗಬೇಡಿ, ಸ್ವಲ್ಪ ಮುಂಚೆ ಹೋಗಿ. ಸುಸ್ತಿ ಸಾಲ ಎಷ್ಟು, ಅದರಲ್ಲಿ ನಿರ್ದೇಶಕರ ಮನೆಯವರದ್ದು ಎಷ್ಟು, ಮುಂದಿನ ಆರು ತಿಂಗಳಲ್ಲಿ ವಾಯಿದೆ ಮುಗಿಯುವ ಠೇವಣಿ ಎಷ್ಟು, ಅದನ್ನು ಕೊಡಲು ಕೈಯಲ್ಲಿ ಎಷ್ಟಿದೆ. ಈ ನಾಲ್ಕು ಕೇಳಿ. ಉತ್ತರ ಕೊಡುವಾಗ ಕಾರ್ಯದರ್ಶಿ ಪುಸ್ತಕ ತೆರೆಯುತ್ತಾರೋ, ಅಧ್ಯಕ್ಷರ ಮುಖ ನೋಡುತ್ತಾರೋ ಅದನ್ನೂ ನೋಡಿಕೊಂಡು ಬನ್ನಿ.